ಮೊದಲೇ ನಿಂತವರು

8-7-1974, ಸಿರುಗುಪ್ಪ

ಇಂಗ್ಲಿಷ್ ಮೇಷ್ಟ್ರು ಟ್ಯೂಷನ್ ಆಸೆಗೆ ಬಳ್ಳಾರಿಯ ಪಾರ್ವತಿನಗರ ಸೇರಿದರು. ಹತ್ತನೇ ತರಗತಿಯ ಇಂಗ್ಲಿಷ್ ಇವತ್ತೂ ನನ್ನ ತಲೆಗೇ. ಕನ್ನಡ ಮೀಡಿಯಂ ಬಿ.ಎ. — ನಿಘಂಟೇ ಗತಿ. ಪಾಠ: ಗೌರವ ಹುಟ್ಟಿಸುವ ಪದಗಳು. ಪ್ರಾಸ ಕಟ್ಟಿ ಬೋರ್ಡಿಗೆ ಹಾಕಿದೆ:

ವಯಸ್ಸಾದವರು ವೆನರಬಲ್,
ಗತ್ತಿನವರು ಇಂಪೋಸಿಂಗು;
ದುಡ್ಡಿದ್ದವರು ರೆಸ್ಪೆಕ್ಟಬಲ್,
ಉಳಿದವರೆಲ್ಲ ಸ್ಟ್ಯಾಂಡಿಂಗು!

ಹುಡುಗರು ಬೆಂಚು ಬಡಿದರು. ಉದಾಹರಣೆ ಬೇಕಲ್ಲ — ‘ನಮ್ಮ ವೆನರಬಲ್ ಸೆಕ್ರೆಟರಿ ಮರಿಬಸಪ್ಪನವರು’ ಎಂದು ಬರೆದೆ. ಬಾಗಿಲಲ್ಲಿ ಹೊಸ ಹೆಡ್‌ಮಾಸ್ಟರ್ ಉಚ್ಚೆಂಗೆಪ್ಪ. ಕುರುಗೋಡಿನವ. ನನಗಿಂತ ಚಿಕ್ಕವ, ಇಂಗ್ಲಿಷ್ ಎಂ.ಎ.

“ಸೆಕ್ರೆಟರಿಗೆ ಇನ್ನೂ ಮೂವತ್ತೈದ್ರಿ ಮೇಷ್ಟ್ರೇ. ಅದು ಹಣ್ಣಾದೋರಿಗೆ ಹೇಳೂ ಮಾತು. ಅಳಸ್ರಿ.”

ಹುಡುಗರು ಮತ್ತೆ ನಕ್ಕರು. ಈ ಸಲ ಪ್ರಾಸಕ್ಕಲ್ಲ. ಅಳಿಸಿದೆ.

11-7-1974

ಹೆಡ್‌ಮಾಸ್ಟರ್ ಸ್ಟಾಫ್ ರೂಮಿಗೆ ಬಂದರೆ ಎಲ್ಲರೂ ಏಳಬೇಕು, ಮೊದಲಿಂದ ಪದ್ಧತಿ. ಲೆಕ್ಕದ ಮೇಷ್ಟ್ರು ವಿರೂಪಾಕ್ಷಪ್ಪ ಕುದಿಯುತ್ತಿದ್ದಾನೆ.

“ಇವ್ರಪ್ಪ ನಮ್ಮ ಮನ್ಯಾಗ ಜೀತಕ್ಕಿದ್ದಾವ. ಇವಗ ನಾ ಎದ್ದು ನಿಂದ್ರಬೇಕೇನ್ರಿ?”

“ಏಳದಿದ್ರ ಮೆಮೊ ಕೊಡ್ತಾನ.”

“ಮತ್ತೇನು ಮಾಡೂದು?”

ಉಪಾಯ ನನ್ನದೇ. “ಆತ ಬರೂಕಿಂತ ಮೊದ್ಲ ಎದ್ದು ಕಿಟಕಿ ಹತ್ರ ನಿಂತುಬಿಡೂಣು. ನಿಂತಾವ ಮತ್ತ ಹೆಂಗ ಏಳ್ತಾನ?”

ವಿರೂಪಾಕ್ಷಪ್ಪ ನಕ್ಕು ನಕ್ಕು ಕೆಮ್ಮಿದ.

12-7-1974

ಬಂದ. ಎದುರಿಗೆ ಸಾಲಾಗಿ ಬೆನ್ನುಗಳು. ಯಾರೂ ಕೂತಿಲ್ಲ, ಯಾರೂ ಎದ್ದಿಲ್ಲ. ಮೆಮೊಗೆ ಕಾರಣವೇ ಇಲ್ಲ!

“ಗಾಳಿ ಚಲೋ ಬರ್ತೈತೇನ್ರಿ?” ಎಂದ.

ಯಾರೂ ತಿರುಗಲಿಲ್ಲ.

3-9-1974

ದಿನವೂ ಕಿಟಕಿ. ಈ ವರ್ಷ ಅವನಿಗೆ ಪ್ರೊಬೇಷನ್. ನವೆಂಬರಿನ ಇನ್ಸ್‌ಪೆಕ್ಷನ್‌ನಲ್ಲಿ ಇಲಾಖೆಯ ಸಾಹೇಬರು ಒಪ್ಪದಿದ್ದರೆ ಮತ್ತೆ ಬರೀ ಮೇಷ್ಟ್ರು. ಹಿರಿತನದಲ್ಲಿ ಮುಂದಿನವ ನಾನು. ಊಟಕ್ಕೆ ಕೂತಾಗ ಹೆಂಡತಿ ಕೊಟ್ರಬಸಮ್ಮನಿಗೆ ಹೇಳಿದೆ.

“ಕುರ್ಚಿ ಬೇಕಂತ ನೆಟ್ಟಗ ಹೇಳ್ರಿ. ಆ ಮನುಷ್ಯಾ ನಿಮಗೇನು ಮಾಡ್ಯಾನ?”

“ಹುಡುಗರ ಮುಂದ ಅಳಸು ಅಂದ.”

“ನೀವು ಬೋರ್ಡಿಗೆ ಬರೆದಿದ್ದು ತಪ್ಪೋ, ಅಲ್ಲೋ?”

ಸಾರಿಗೆ ಉಪ್ಪು ಕಡಿಮೆ ಎಂದೆ.

19-11-1974

ಇನ್ಸ್‌ಪೆಕ್ಷನ್. ಬೆಳಿಗ್ಗೆ ಉಚ್ಚೆಂಗೆಪ್ಪ ಒಬ್ಬನೇ ಸ್ಟಾಫ್ ರೂಮಿಗೆ ಬಂದ.

“ಇವತ್ತೊಂದಿನ ಕೂತಿರ್ರಿ. ಸಾಹೇಬರ್ನ ಕರ್ಕೊಂಡು ಬಂದಾಗ ಏಳ್ರಿ. ಕೈ ಮುಗೀತೀನಿ.” ಮುಗಿದೇ ಬಿಟ್ಟ.

ಹೇಳಿದಂತೆ ಕೂತೆವು. ಆತ ಮುಂದೆ, ಸಾಹೇಬರು ಹಿಂದೆ. ಆತ ಒಳಗೆ ಬಂದ — ಒಂದು ಕುರ್ಚಿಯೂ ಮಿಸುಕಲಿಲ್ಲ. ಹಿಂದೆ ಸಾಹೇಬರ ಮುಖ ಕಂಡಿದ್ದೇ ತಡ, ದಡಕ್ಕನೆ ಎಲ್ಲರೂ ಎದ್ದೆವು.

ಆಮೇಲೆ ಸಾಹೇಬರು ನನ್ನೊಬ್ಬನನ್ನೇ ಕರೆದು ಆತನ ಬಗ್ಗೆ ಕೇಳಿದರು. ತಯಾರಾಗಿದ್ದೆ. “ಹಿ ಡಿಮ್ಯಾಂಡ್ಸ್ ರೆಸ್ಪೆಕ್ಟ್ ಸರ್. ಡಸ್ ನಾಟ್ ಕಮ್ಯಾಂಡ್.” ಕೇಳಿ ಪಡೆಯುತ್ತಾನೆ, ತಾನಾಗಿ ಸಿಗುವುದಿಲ್ಲ. ಕೈ ಮುಗಿದದ್ದನ್ನೂ ಹೇಳಿದೆ. ಸಾಹೇಬರು ನನ್ನ ಇಂಗ್ಲಿಷಿಗೆ ತಲೆದೂಗಿದರು.

2-1-1975

ಆರ್ಡರ್ ಬಂತು. ಹೆಡ್‌ಮಾಸ್ಟರ್ ನಾನು. ಆತ ಇಲ್ಲಿಯೇ ಮೇಷ್ಟ್ರು — ಹತ್ತನೇ ತರಗತಿಯ ಇಂಗ್ಲಿಷ್ ಇನ್ನು ಅವನಿಗೆ.

ಸ್ಟಾಫ್ ರೂಮಿಗೆ ಹೋದೆ. ಎಲ್ಲರೂ ಎದ್ದರು. ಎಲ್ಲರಿಗಿಂತ ಮೊದಲು ಆತ. “ಕೂಡ್ರಿ” ಎಂದೆ. ಕೂತರು. ಆತ ಕೂರಲಿಲ್ಲ.

“ನೀವೂ ಕೂಡ್ರಿ, ಉಚ್ಚೆಂಗೆಪ್ಪ.”

“ಇರಲ್ರಿ ಸರ್. ನೀವು ಇರೂತನಕ ನಿಂದರ್ತೀನಿ.”

ದನಿಯಲ್ಲಿ ಕೊಂಕಿಲ್ಲ. ಇದ್ದಿದ್ದರೆ ಮೆಮೊ ಕೊಡಬಹುದಿತ್ತು. ವಿರೂಪಾಕ್ಷಪ್ಪ ನೆಲ ನೋಡಿದ. ಹೊರಗೆ ಬಂದೆ.

3-1-1975

ಇವತ್ತೂ ನಿಂತ.

21-1-1975

ಸ್ಟಾಫ್ ರೂಮಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಜವಾನನ ಕೈಲಿ ಹೇಳಿ ಕಳಿಸುತ್ತೇನೆ. ಇವತ್ತು ವರಾಂಡದಲ್ಲಿ ಎದುರಾದ. ಗೋಡೆಗೆ ಸರಿದು ನೆಟ್ಟಗೆ ನಿಂತ. ಅವನ ಕ್ಲಾಸಿನ ಹುಡುಗರೂ ಒಳಗೆ ಎದ್ದು ನಿಂತರು — ಅವನನ್ನು ನೋಡಿ, ನನ್ನನ್ನಲ್ಲ. ಒಬ್ಬನೂ ನಗಲಿಲ್ಲ. ದಾಟಿ ಹೋಗಬೇಕಿತ್ತು. ನಾನೂ ಅಲ್ಲೇ ನಿಂತುಬಿಟ್ಟೆ.