ಶುದ್ಧ ಮಾಡಿದ ಹಾಡು

ರಾಣೇಬೆನ್ನೂರು, ೧೨ ಫೆಬ್ರುವರಿ ೨೦೨೪, ಸೋಮವಾರ

'ಧಾನ್ಯ' ಎಂಬ ಒಂದು ಶಬ್ದ ಬೆಳಗಿನಿಂದ ಜೀವ ತಿನ್ನುತ್ತಿದೆ.

ಜಾನಪದ ಸಂಶೋಧನೆ ಮಾಡುವ ಸುಚಿತ್ರಾ ಬಂದಿದ್ದಳು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಜಯವ್ವಕ್ಕ ಹಾಡಿದ ಬೀಸುವ ಪದಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನು ಹೆಮ್ಮೆಯಿಂದ ಅವಳ ಕೈಗಿಟ್ಟೆ. ಎರಡು ಪುಟ ಓದಿ ತಲೆ ಎತ್ತಿದಳು.

"ಕಾಕಾರ, ಜ್ವಾಳಾ ಬೀಸೋ ಹೆಣ್ಮಗಳು 'ಧಾನ್ಯವ ಸುರಿವೆನು' ಅಂತಾಳೇನ್ರಿ?"

"ಹಳ್ಳಿ ಮಾತು ನೋಡವಾ, ಓದಿದವರು ನಕ್ಕಾರು ಅಂತ ಶುದ್ಧ ಮಾಡೇನಿ."

"ಹಂಗಾರ ಮೊದಲ ಬರದದ್ದು ಎಲ್ಲೈತ್ರಿ?"

ಚೊಕ್ಕ ಪ್ರತಿ ಮಾಡಿದ ದಿನವೇ ಅದನ್ನು ಒಲೆಗೆ ಹಾಕಿದ್ದೆ; ಹಾಗೆಂದೇ ಹೇಳಿದೆ. ಹುಡುಗಿ ಬೈಯಲಿಲ್ಲ, ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ತಪ್ಪಿಲ್ಲದ ಕನ್ನಡ ಕಲಿಯಲು ಅರ್ಧ ಆಯುಷ್ಯ ಹೋಯಿತು. ಆ ಕನ್ನಡವನ್ನೇ ಅಕ್ಕನ ಬಾಯಿಗೆ ತುರುಕಿದೆ.

ಲಕ್ವಾ ಹೊಡೆದು ಅವಳ ಮಾತು ನಿಂತು ಮೂರು ವರ್ಷ. ಮಧ್ಯಾಹ್ನದ ಬಸ್ಸಿಗೆ ಕುಪ್ಪೇಲೂರಿಗೆ ಹೋಗಿ, ಅವಳ ಮಂಚದ ಬಳಿ ಕುಳಿತು ನೋಟ್‌ಬುಕ್ಕಿನ ಹಾಡು ಓದಿದೆ. ಸಾಲುಸಾಲಿಗೂ 'ಅಲ್ಲ, ಅಲ್ಲ' ಎನ್ನುವಂತೆ ತಲೆಯಾಡಿಸಿದಳು. ಕೊನೆಗೆ, ನೆನಪಿನಲ್ಲಿ ಉಳಿದಿದ್ದ ಒಂದೇ ಸಾಲನ್ನು ಅವಳಂತೆಯೇ ಅಂದೆ:

"ಕಲ್ಲವ್ವ ತಾಯಿ, ಹಿಡಿ ಕಾಳ ಹಾಕೇನಿ."

ಅವಳ ಎಡಗೈ ಕೌದಿಯ ಮೇಲೆ, ಬೀಸುಕಲ್ಲು ತಿರುವಿದ ಹಾಗೆ, ತಿರುಗತೊಡಗಿತು. ಮುಂದಿನ ಸಾಲಿಗಾಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಎದ್ದು ಬರುವಾಗಲೂ ಆ ಕೈ ನಿಂತಿರಲಿಲ್ಲ.

ಮುಂದಿನ ಸಾಲು, ಜಯವ್ವಕ್ಕ, ನನಗೆ...