ಕೊಳವೆಯಲ್ಲಿ ಬಿಟ್ಟ ಉಸಿರು

ಮನೆ, ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ ತಾಯಿ? ನಿನ್ನ ಕೆಮ್ಮು ಹೋಯಿತೇ? ಅಳಿಯಂದಿರ ಬೆನ್ನುನೋವು ಇಳಿಯಿತೇ? ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಶಕ್ತಿ ಇದೆ. ಫೋನಿನಲ್ಲಿ ಮಾತಾಡೋಣವೆಂದರೆ ಅವಳ ಕಿವಿ ಅಲ್ಲೇ ಇರುತ್ತದೆ, ಅದಕ್ಕೇ ಈ ಕಾಗದ. ನನ್ನ ವಿಷಯ ನನಗೇ ತಲೆಬುಡ ಅರ್ಥವಾಗುತ್ತಿಲ್ಲ.

ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿಯಾಗಿದೆ ಎಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ಎಷ್ಟು ಜಾಸ್ತಿ ಎಂದು ಸರಿಯಾಗಿ ತಿಳಿಯಲು ಕುತ್ತಿಗೆಯಿಂದ ಹೃದಯದವರೆಗೆ ನಳಿಗೆ ತೂರಿಸಬೇಕಂತೆ. ಬೇರೆ ದಾರಿಯೇ ಇಲ್ಲವೇ ಎಂದು ಎರಡೆರಡು ಸಲ ಕೇಳಿದೆ. "ಮೊದ್ಲು ಚುಚ್ಚದೇ ಇರೋ ಪರೀಕ್ಷೆ ಮಾಡೋಣ, ಉಸಿರು ಬಿಟ್ರೆ ಸಾಕು" ಅಂದರು. ಅಬ್ಬಾ, ಬದುಕಿದೆ ಅಂದುಕೊಂಡೆ.

ನಿನ್ನೆ ಹೋದೆ. ಮೂಗಿಗೆ ಕ್ಲಿಪ್ ಹಾಕಿ ಬಾಯಿಗೆ ಕೊಳವೆ ಕೊಟ್ಟರು. ಬಿಟ್ಟ ಉಸಿರಿನ ಕೊನೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಯಂತ್ರ ಅಳೆಯುತ್ತದಂತೆ. ಅದು ಕಡಿಮೆಯಾದಷ್ಟೂ ಕಾಯಿಲೆ ಜೋರು. "ಅಂಕಲ್, ಮಾಮೂಲಿಯಾಗಿ ಉಸಿರಾಡಿ" ಅಂದಳು ಯಂತ್ರದ ಹುಡುಗಿ. ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಕೊಳವೆ ಕಚ್ಚಿ ಕಾದ ಗಾಜು ಊದಿದವನಿಗೆ ಕೊಳವೆ ಕೊಟ್ಟು ಮಾಮೂಲಿ ಅಂದರೆ ಏನು ಮಾಡಲಿ ಹೇಳು? ಕೆನ್ನೆ ತಾನಾಗಿಯೇ ಬಿಗಿಯಿತು. ಹೂಜಿಯ ಕತ್ತು ಊದುವಾಗಿನ ಹಾಗೆ ತಡೆದು, ಸಣ್ಣಗೆ, ಒಂದೇ ಸಮ ಬಿಟ್ಟೆ. ಒಳಗೆ ತಡೆದ ಉಸಿರಿನಲ್ಲಿ ಆ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಕೂಡಿಕೊಳ್ಳುತ್ತದಲ್ಲ. "ಅಯ್ಯೋ, ನಂಬರ್ ಎಷ್ಟ್ ಚೆನ್ನಾಗಿದೆ!" ಅಂದಳು.

ಈಗ ಮೊದಲು ಮಾಡಿಸಿದ್ದ ಎದೆಯ ಸ್ಕ್ಯಾನ್ ಕಾಯಿಲೆ ಜೋರು ಎನ್ನುತ್ತಿದೆ, ಉಸಿರಿನ ಯಂತ್ರ ಅಷ್ಟೇನಿಲ್ಲ ಎನ್ನುತ್ತಿದೆ. ಡಾಕ್ಟರು ಎರಡೂ ಕಾಗದ ಅಕ್ಕಪಕ್ಕ ಇಟ್ಟುಕೊಂಡು ತಲೆ ಕೆರೆದುಕೊಂಡರು. ಮುಂದಿನ ವಾರ ಶುಕ್ರವಾರ ತೀರ್ಮಾನ. ಉಸಿರಿನ ಯಂತ್ರವನ್ನೇ ನಂಬಿದರೆ ನಳಿಗೆಯೂ ಹೊಸ ಔಷಧಿಯೂ ಆರು ತಿಂಗಳು ಮುಂದಕ್ಕೆ. ನಿನ್ನ ಅಮ್ಮ ಖುಷಿಯಲ್ಲಿ ಬೀದಿಗೆಲ್ಲ ಹೇಳಿಕೊಂಡು ಬಂದಳು, ನಾನೂ ನಕ್ಕೆ. ಆದರೆ ಇವತ್ತು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿ ಬಾಗಿಲು ಹಿಡಿದು ನಿಂತೆ. ಯಂತ್ರವನ್ನು ನಂಬಲೋ, ನನ್ನ ಎದೆಯನ್ನು ನಂಬಲೋ, ತಿಳಿಯುತ್ತಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಇಬ್ಬರೂ ನೂರು ಕಾಲ ಬಾಳಿ.

ನಿನ್ನ ಅಪ್ಪ

ಇನ್ನೊಂದು ಮಾತು: ನಿನ್ನ ಹತ್ತಿರ ಸುಳ್ಳು ಬೇಡ. ಮೊದಲ ಎರಡು ಉಸಿರು ಅಭ್ಯಾಸಬಲ. ಹುಡುಗಿಯ ಮುಖ ಅರಳಿದ್ದು ಕಂಡ ಮೇಲೆ ಉಳಿದದ್ದೆಲ್ಲ ಬೇಕೆಂದೇ ಊದಿದೆ. ಡಾಕ್ಟರ ಮುಂದೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಶುಕ್ರವಾರದೊಳಗೆ ನೀನೇ ಅವರಿಗೆ ಫೋನ್ ಮಾಡಿಬಿಡು, ಫೋನ್ ನಂಬರು ಈ ಕಾಗದದ ಹಿಂದುಗಡೆ ಬರೆದಿದ್ದೇನೆ. ವಯಸ್ಸಾಯಿತು, ಗೊತ್ತಾಗಲಿಲ್ಲ ಅಂತೆಲ್ಲ ಹೇಳಬೇಡ ಕಣೇ. ಅಪ್ಪ ಹೆದರಿದ್ದ ಎಂದೇ ಹೇಳು.