ಎಡಗಾಲಿಗೆ ಹಚ್ಚಿದ ಎಣ್ಣೆ

ಅಕ್ಕಾ,

ನಾನು ಗೆದ್ದೆ ಅಂತ ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ. ಈ ಕಾಗದ ಅವಳ ಕಣ್ಣಿಗೆ ಬೀಳದಿರಲಿ.

ಹೋದ ವರ್ಷ ನನಗೆ ಟೆನಿಸ್ ಕೋಚ್ ಆಗಿದ್ದ ನೀನು ನನ್ನನ್ನು ಬಿಟ್ಟು ಆ ಎತ್ತರದ ಹುಡುಗಿಯ ಕಡೆ ಹೋದಾಗ ನಾನು ಮುನಿಸಿಕೊಳ್ಳಲಿಲ್ಲ. "ಕೋರ್ಟಲ್ಲಿ ಅವಳ ಕೋಚು, ಮನೇಲಿ ನಿನ್ನ ಅಕ್ಕ ಕಣೇ" ಅಂದಿದ್ದೆ ನೀನು. ನಂಬಿದೆ. ಭುಜ ನೋಯುತ್ತಿದೆ ಅಂತ ನಿನ್ನೊಬ್ಬಳಿಗೇ ಹೇಳಿದ್ದೆ. ಮರುವಾರವೇ ಅವಳು ಚೆಂಡನ್ನೆಲ್ಲ ನನ್ನ ತಲೆಯ ಮೇಲೆ ಎತ್ತಿ ಹಾಕಿ ಸೋಲಿಸಿದಳು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡೆ.

ಆದರೂ ಮನಸ್ಸು ತಡೆಯಲಿಲ್ಲ. ಅದಕ್ಕೇ ಈ ಸಲ ನೋವಿರುವುದು ಎಡ ಮೊಣಕಾಲಲ್ಲಿ ಅಂತ ಸುಳ್ಳು ಹೇಳಿದೆ. ನೀನು ನನ್ನನ್ನು ನಿನ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಎಣ್ಣೆ ಬಿಸಿ ಮಾಡಿ, ಅರ್ಧ ಗಂಟೆ ತಿಕ್ಕಿದೆ. "ಪಾಪ, ಎಷ್ಟು ನೋವು ನುಂಗ್ಕೊಂಡಿದೀಯೇ" ಅನ್ನುವಾಗ ನಿನ್ನ ಕಣ್ಣಲ್ಲಿ ನೀರಿತ್ತು. ಆಗಲೇ ನಿಜ ಹೇಳಿಬಿಡೋಣ ಅನ್ನಿಸಿತ್ತು.

ನಿನ್ನೆ ಅವಳು ಮೊದಲ ಚೆಂಡಿನಿಂದಲೇ ನನ್ನ ಎಡಗಡೆಗೇ ಹೊಡೆಯುತ್ತಾ ಹೋದಳು. ಬಲಕ್ಕೆ ನಾಲ್ಕು ಹೊಡೆದಿದ್ದರೆ ಸಾಕಿತ್ತು, ನಾನು ಕುಸಿದುಬೀಳುತ್ತಿದ್ದೆ. ಒಂದಾದರೂ ಬಲಕ್ಕೆ ಹೊಡೆಯೇ ತಾಯಿ ಅಂತ ಆಟದುದ್ದಕ್ಕೂ ಒಳಗೊಳಗೇ ಬೇಡಿಕೊಂಡೆ.

ನಿನ್ನ ಹತ್ತಿರ ಇರುವ ನನ್ನ ಮನೆಯ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟುಬಿಡು. ಆ ಎಣ್ಣೆ ಉಳಿದಿದ್ದರೆ ಅದನ್ನೂ ಕಳಿಸು. ಬಲಗಾಲಿಗೆ ಹಚ್ಚಿಕೊಳ್ಳಬೇಕು.

ನಿನ್ನ ತಂಗಿ